ಮನೆಯ ಹಿಂದಿನ ಮೂರು ಎಕರೆ ಕಾಡು: ವರ್ಷವಿಡೀ ಏನನ್ನು ನೋಡಬೇಕು, ಏನನ್ನು ಬರೆದಿಡಬೇಕು?

ಕಾನಂಚು | ಸಿದ್ದಾಪುರ, ಉತ್ತರ ಕನ್ನಡ | 2025 ಫೆಬ್ರುವರಿ 12

ನಮ್ಮ ಅಡಿಕೆ ತೋಟದ ಮೇಲುಗಡೆ ಸುಮಾರು ಮೂರು ಎಕರೆ ಸೊಪ್ಪಿನ ಬೆಟ್ಟವಿದೆ. ಈ ಕಡೆಯವರಲ್ಲದವರಿಗಾಗಿ ಒಂದು ಮಾತು: ಬ್ರಿಟಿಷರ ಆಡಳಿತದಲ್ಲಿ ತೋಟಗಾರರಿಗೆ ಹಸಿಸೊಪ್ಪು, ದರಕು (ಉದುರಿದ ಒಣ ಎಲೆ) ತಂದುಕೊಳ್ಳಲೆಂದು ಬಿಟ್ಟುಕೊಟ್ಟ ಕಾಡು ಇದು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟ ಸಿಗುತ್ತಿತ್ತು. ಪಾಲಾಗಿ ಪಾಲಾಗಿ ನಮಗೆ ಉಳಿದದ್ದು ಇಷ್ಟು. ಮೇಲ್ಭಾಗದಲ್ಲಿ ಮತ್ತಿ, ಹೊನ್ನೆ, ನಂದಿ, ಕೌಲು, ನೆಲ್ಲಿ. ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ಕೆರೆ; ಅದರ ಸುತ್ತ ಮಾತ್ರ ಬಿಸಿಲು ನೆಲಕ್ಕೆ ಬೀಳದ ಹಾಗೆ ಉಪ್ಪಾಗೆ, ರಂಜಲು, ಸುರಗಿ, ಒಂದು ದೊಡ್ಡ ಬಸರಿ.

ಈ ವರ್ಷ ಪೂರ್ತಿ ಇದನ್ನೇ ಗಮನಿಸಿ ಬರೆದಿಡಬೇಕೆಂದು ಹೊರಟಿದ್ದೇನೆ. ವಿಜ್ಞಾನ ಓದಿದವನಲ್ಲ. ಮರಗಳ ಹೆಸರು ಗೊತ್ತು, ಹಕ್ಕಿಗಳಲ್ಲಿ ಅರ್ಧ ಗೊತ್ತು, ಕೀಟಗಳ ವಿಷಯದಲ್ಲಿ ಶೂನ್ಯ. ಹೀಗೆ ಒಂದೇ ಜಾಗಕ್ಕೆ ಅಂಟಿಕೊಂಡು ನೋಡಿದವರು ಇಲ್ಲಿ ಯಾರಾದರೂ ಇದ್ದರೆ ಹೇಳಿ: ಏನು ಬರೆಯಬೇಕು, ಏನು ಬಿಡಬೇಕು, ಎಷ್ಟು ದಿನಕ್ಕೊಮ್ಮೆ ಹೋಗಬೇಕು?

ಇವತ್ತಿನ ಸ್ಥಿತಿ: ಕೌಲಿನ ಎಲೆ ಕೆಂಪಾಗಿ ಉದುರಿ ಮುಗಿದಿದೆ, ಕೊಂಬೆಯ ತುದಿಯಲ್ಲಿ ದಪ್ಪ ಮೊಗ್ಗು. ಮತ್ತಿಯಲ್ಲಿ ಇನ್ನೂ ಅರ್ಧ ಎಲೆಯಿದೆ. ನೆಲ್ಲಿಯಲ್ಲಿ ಎಲೆಗಿಂತ ಕಾಯಿ ಹೆಚ್ಚು. ಕುಟ್ರು ಹಕ್ಕಿ ಬೆಳಗಿನಿಂದ ಬಿಡುವಿಲ್ಲದೆ ಕೂಗುತ್ತಿದೆ.

ಎಲೆಲೆಕ್ಕ | ಬೆಂಗಳೂರು | ಫೆಬ್ರುವರಿ 12

ಮೂರು ಎಕರೆ ಧಾರಾಳವಾಯಿತು. ಆದರೆ ಮೂರು ಎಕರೆಯನ್ನೂ ನೋಡಲು ಹೋಗಬೇಡಿ. ಹತ್ತು ಹನ್ನೆರಡು ಮರ ಆರಿಸಿಕೊಳ್ಳಿ, ಒಂದೊಂದಕ್ಕೂ ಸಂಖ್ಯೆ ಕೊಡಿ, ವಾರಕ್ಕೊಮ್ಮೆ ಅವುಗಳ ಬುಡಕ್ಕೇ ಹೋಗಿ ನಿಲ್ಲಿ. ‘ಕಾಡು ಚಿಗುರಿದೆ’ ಎಂದು ಬರೆದರೆ ಮುಂದಿನ ವರ್ಷ ಅದನ್ನು ಯಾವುದರ ಜೊತೆಗೂ ಹೋಲಿಸಲು ಬರುವುದಿಲ್ಲ. ‘4ನೇ ಮರ, ಮತ್ತಿ, ಚಿಗುರು ಸ್ವಲ್ಪ, ಬಲಿತ ಎಲೆ ಇಲ್ಲ’ ಎಂದು ಬರೆದರೆ ಬರುತ್ತದೆ.

ಸೀಸನ್‌ವಾಚ್ ಎಂಬ ಯೋಜನೆ 2010ರಿಂದ ದೇಶದಾದ್ಯಂತ ಇದನ್ನೇ ಮಾಡಿಸುತ್ತಿದೆ. ಕೇರಳದ ಶಾಲಾ ಮಕ್ಕಳು ಅದಕ್ಕೆ ಕೊಟ್ಟಿರುವ ದಾಖಲೆ ನೋಡಿದರೆ ನಮಗೆ ನಾಚಿಕೆಯಾಗಬೇಕು. ಅವರ ಕ್ರಮ ಬಹಳ ಸುಲಭ. ಎಲೆಯಲ್ಲಿ ಚಿಗುರು, ಬಲಿತದ್ದು. ಹೂವಿನಲ್ಲಿ ಮೊಗ್ಗು, ಅರಳಿದ್ದು. ಹಣ್ಣಿನಲ್ಲಿ ಕಾಯಿ, ಮಾಗಿದ್ದು. ಪ್ರತಿಯೊಂದಕ್ಕೂ ಮೂರೇ ಉತ್ತರ: ಇಲ್ಲ, ಸ್ವಲ್ಪ, ಬಹಳ. ‘ಇಲ್ಲ’ ಎಂಬುದನ್ನು ಮರೆಯದೆ ಬರೆಯಿರಿ. ಖಾಲಿ ಬಿಟ್ಟ ಜಾಗವನ್ನು ಆರು ತಿಂಗಳ ನಂತರ ನೋಡಿದರೆ ಆ ದಿನ ಹೂವಿರಲಿಲ್ಲವೋ ನೀವು ಹೋಗಿರಲಿಲ್ಲವೋ ನಿಮಗೇ ತಿಳಿಯುವುದಿಲ್ಲ.

ಒಂದೇ ಜಾತಿಯ ಎರಡು ಮೂರು ಮರಗಳಿರಲಿ. ಒಂದು ಮತ್ತಿ ಮಾಡಿದ್ದನ್ನು ಎಲ್ಲ ಮತ್ತಿಗಳೂ ಮಾಡುತ್ತವೆ ಎಂದುಕೊಳ್ಳುವಂತಿಲ್ಲ. ಬಂಡೀಪುರದ ಆಚೆ ಮುದುಮಲೈಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ 50 ಹೆಕ್ಟೇರ್ ಕಾಡಿನಲ್ಲಿ ಒಂದೊಂದು ಮರಕ್ಕೂ ಸಂಖ್ಯೆ ಹಾಕಿ ನೋಡುತ್ತಿದ್ದಾರೆ. ನಿಮ್ಮದು ಹನ್ನೆರಡು ಮರ, ಅಷ್ಟೇ ವ್ಯತ್ಯಾಸ.

ದಬ್ಬೆಸಾಲು | ಶಿರಸಿ | ಫೆಬ್ರುವರಿ 13

ಬೆಂಗಳೂರಿನವರು ಹೇಳಿದ್ದು ಸರಿ, ಆದರೆ ಬೆಟ್ಟದ ಸಂಗತಿ ಅವರಿಗೆ ಗೊತ್ತಿಲ್ಲ. ಸೊಪ್ಪು ಕಡಿದ ಮರ ತನ್ನ ಕಾಲಕ್ಕೆ ಚಿಗುರುವುದಿಲ್ಲ. ಕಡಿದ ಕಾಲಕ್ಕೆ ಚಿಗುರುತ್ತದೆ. ಉಳಿದ ಮರಗಳು ಬೋಳಾಗಿ ನಿಂತಾಗ ಸೊಪ್ಪು ಕಡಿಸಿಕೊಂಡ ಮತ್ತಿ ಹಸಿರಾಗಿ ನಿಂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದನ್ನು ನೋಡಿ ‘ಋತುಮಾನ ಬದಲಾಗಿದೆ’ ಎಂದು ಬರೆದುಬಿಟ್ಟೀರಿ, ಜೋಕೆ. ನಾಲ್ಕೈದು ವರ್ಷದಿಂದ ಕತ್ತಿ ತಾಗದ ಮರ ಯಾವುದು ಎಂದು ಮನೆಯ ಹಿರಿಯರನ್ನು ಕೇಳಿ ಆರಿಸಿ. ಬೆಂಕಿ ಬಿದ್ದ ಜಾಗವನ್ನೂ ಬಿಡಿ.

ಇನ್ನೊಂದು. ಪಕ್ಕದಲ್ಲಿ ಅಕೇಶಿಯಾ ನೆಡುತೋಪು ಇದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದಕ್ಕೆ ಮಾಗಿ ಇಲ್ಲ, ಬೇಸಿಗೆ ಇಲ್ಲ, ವರ್ಷವಿಡೀ ಒಂದೇ ಮುಖ.

ಕಾನಂಚು | ಫೆಬ್ರುವರಿ 13

ದಬ್ಬೆಸಾಲು ಅವರೇ, ಇದು ನನಗೆ ಹೊಳೆದೇ ಇರಲಿಲ್ಲ. ಅಮ್ಮನನ್ನು ಕೇಳಿದೆ. ಕೆರೆಯ ದಂಡೆಯ ಮರಗಳನ್ನು ಅಜ್ಜನ ಕಾಲದಿಂದ ಯಾರೂ ಮುಟ್ಟಿಲ್ಲವಂತೆ. ಮೇಲ್ಭಾಗದಲ್ಲಿ ಕಲ್ಲುಬಂಡೆಯ ಹಿಂದಿನ ಸಾಲಿನಲ್ಲಿ ಎರಡು ಮತ್ತಿ, ಒಂದು ನಂದಿ, ಎರಡು ಕೌಲು ಮಾತ್ರ ಸೊಪ್ಪಿಗೆ ಎಟುಕದೆ ಉಳಿದಿವೆ. ಯಾವ ಮರದ ದರಕು ಮೊದಲು ಬೀಳುತ್ತದೆ, ಯಾವುದು ತಡವಾಗಿ ಎಂಬುದನ್ನು ಅಮ್ಮ ಒಂದೇ ಉಸಿರಿಗೆ ಹೇಳಿದರು. ದರಕು ಗುಡಿಸುವವರಿಗೆ ಅದು ಗೊತ್ತಿರಲೇಬೇಕಲ್ಲ!

ಹೊಳೆಸಾಲು | ಸಾಗರ | ಫೆಬ್ರುವರಿ 15

ನಾನು ನಿವೃತ್ತ ಮೇಷ್ಟ್ರು. ಇಂಗ್ಲಿಷ್ ತಿಂಗಳುಗಳ ಜೊತೆಗೆ ಮಳೆನಕ್ಷತ್ರವನ್ನೂ ಬರೆಯಿರಿ ಎಂಬುದು ನನ್ನ ಸಲಹೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರಾ: ಒಂದೊಂದೂ ಹದಿಮೂರು ಹದಿನಾಲ್ಕು ದಿನ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ನಮ್ಮ ರೈತರು ಸುಮ್ಮನೆ ಹೇಳಲಿಲ್ಲ. ವಾರದ ಲೆಕ್ಕಕ್ಕಿಂತ ಈ ಲೆಕ್ಕ ಮಲೆನಾಡಿಗೆ ಹೆಚ್ಚು ಹೊಂದುತ್ತದೆ. ಏಕೆಂದರೆ ಊರಿನ ಹಿರಿಯರ ನೆನಪೆಲ್ಲ ಅದರಲ್ಲೇ ಇದೆ. ‘ಆರಿದ್ರೆಯಲ್ಲಿ ಅಣಬೆ’ ಎಂದರೆ ಅವರಿಗೆ ಅರ್ಥವಾಗುತ್ತದೆ, ‘ಜೂನ್ ನಾಲ್ಕನೇ ವಾರ’ ಎಂದರೆ ಇಲ್ಲ.

ಗುಂಡುತೋಪು | ತುಮಕೂರು | ಫೆಬ್ರುವರಿ 21

ನಾನು ಬಯಲುಸೀಮೆಯವನು. ನಮ್ಮೂರಿನ ಗುಂಡುತೋಪಿನಲ್ಲಿ ಹೊಂಗೆ, ಬೇವು, ನೇರಳೆ, ಹುಣಸೆ. ಅದರಾಚೆ ಗುಡ್ಡದ ಕುರುಚಲಿನಲ್ಲಿ ಮುತ್ತುಗ, ಕಕ್ಕೆ. ಇಷ್ಟು ವರ್ಷ ನೋಡುತ್ತಿದ್ದರೂ ಬಗೆಹರಿಯದ ಪ್ರಶ್ನೆಯೊಂದಿದೆ. ಮಾರ್ಚ್, ಏಪ್ರಿಲ್ ಎಂದರೆ ನಮ್ಮಲ್ಲಿ ನೆಲ ಬಿರುಕು ಬಿಟ್ಟಿರುತ್ತದೆ. ಬಾವಿಯಲ್ಲಿ ನೀರಿಲ್ಲ, ಮಳೆಯ ಸುಳಿವಿಲ್ಲ. ಆ ಹೊತ್ತಿಗೆ ಸರಿಯಾಗಿ ಹೊಂಗೆ ತಳತಳ ಚಿಗುರುತ್ತದೆ. ಮಳೆ ಬಂದ ಮೇಲೆ ಚಿಗುರುವುದಲ್ಲವೇ ಬುದ್ಧಿವಂತಿಕೆ? ಹುಲ್ಲು ಹಾಗೆಯೇ ಮಾಡುತ್ತದೆ.

ಎಲೆಲೆಕ್ಕ | ಫೆಬ್ರುವರಿ 22

ಇಡೀ ಚರ್ಚೆಯಲ್ಲಿ ನನಗೆ ಅತಿ ಇಷ್ಟವಾದ ಪ್ರಶ್ನೆ ಇದು, ಸ್ವಲ್ಪ ಉದ್ದವಾಗಿ ಉತ್ತರಿಸುತ್ತೇನೆ.

ಹುಲ್ಲಿನ ಬೇರು ಮೇಲ್ಮಣ್ಣಿನಲ್ಲಿದೆ, ಮರದ ಬೇರು ಆಳದಲ್ಲಿದೆ. ಮೇಲ್ಮಣ್ಣು ಒಣಗಿದರೂ ಕೆಳಗೆ ತೇವ ಉಳಿದಿರುತ್ತದೆ. ಮರಕ್ಕೆ ನೀರು ಖರ್ಚಾಗುವುದು ಮುಖ್ಯವಾಗಿ ಎಲೆಯ ಮೂಲಕ. ಹಳೆಯ ಎಲೆಗಳನ್ನು ಉದುರಿಸಿದ ಕೂಡಲೇ ಖರ್ಚು ನಿಲ್ಲುತ್ತದೆ, ಆಳದಿಂದ ಬೇರು ಎಳೆದ ನೀರು ಕಾಂಡದಲ್ಲಿ ನಿಧಾನವಾಗಿ ತುಂಬಿಕೊಳ್ಳುತ್ತದೆ. ಆ ದಾಸ್ತಾನಿನಿಂದ ಹೊಸ ಚಿಗುರು ಬರುತ್ತದೆ. ಹಗಲು ಉದ್ದವಾಗುತ್ತಿರುವುದೇ ಎಷ್ಟೋ ಮರಗಳಿಗೆ ಸೂಚನೆ. ಮಳೆ ಒಂದು ವರ್ಷ ಬೇಗ, ಒಂದು ವರ್ಷ ತಡ. ಸೂರ್ಯ ಹಾಗೆ ಮಾಡುವುದಿಲ್ಲ.

ಬುದ್ಧಿವಂತಿಕೆಯ ಮಾತಿಗೆ ಬಂದರೆ, ಮಳೆ ಬಿದ್ದ ದಿನ ಎಲೆ ಸಿದ್ಧವಾಗಿದ್ದರೆ ಆ ದಿನದಿಂದಲೇ ದುಡಿಮೆ ಶುರು. ಇನ್ನೊಂದು ಕಾರಣ ಹುಳು. ಮಳೆ ಶುರುವಾದ ಕೂಡಲೇ ಎಲೆ ತಿನ್ನುವ ಹುಳುಗಳ ಸಂಖ್ಯೆ ಏರುತ್ತದೆ. ಆಗ ಎಳೆಯದಾಗಿರುವ ಎಲೆ ಉಳಿಯುವುದು ಕಷ್ಟ. ಮುದುಮಲೈಯಲ್ಲೇ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಣಗಾಲದಲ್ಲಿ ಚಿಗುರಿದ ಎಲೆಗಳಿಗೆ ಹುಳುವಿನ ಹಾನಿ ಕಡಿಮೆ, ಮಳೆಯ ಹೊತ್ತಿಗೆ ಚಿಗುರಿದವಕ್ಕೆ ಹೆಚ್ಚು ಎಂದು ಕಂಡುಬಂತು.

ಚಿಗುರು ಕೆಂಪಗಿರುವುದಕ್ಕೂ ಇದೇ ಬಗೆಯ ವಿವರಣೆ ಕೊಡುತ್ತಾರೆ. ಸಾಗಡೆ, ನಾಗಸಂಪಿಗೆ, ಮಾವು, ಬಸರಿ ನೋಡಿ. ಎಳೆಯ ಎಲೆಯಲ್ಲಿ ಪತ್ರಹರಿತ್ತು ಇನ್ನೂ ತುಂಬಿರುವುದಿಲ್ಲ. ಆ ಕೆಂಪು ಬಣ್ಣ ಸುಡುಬಿಸಿಲಿನಿಂದ ಸ್ವಲ್ಪ ಮರೆ ಕೊಡುತ್ತದೆ, ಕೀಟಗಳನ್ನೂ ದೂರವಿಡುತ್ತದೆ ಎನ್ನುತ್ತಾರೆ.

ದಬ್ಬೆಸಾಲು | ಫೆಬ್ರುವರಿ 22

ಹುಳುವಿನ ಮಾತು ನಿಜ. ಮಳೆಗಾಲದಲ್ಲಿ ಚಿಗುರಿದ ಮತ್ತಿಯ ಎಲೆಯಲ್ಲಿ ತೂತಿಲ್ಲದ್ದನ್ನು ಹುಡುಕಿ ತೋರಿಸಿ.

ಕಾನಂಚು | ಮಾರ್ಚ್ 6

ಕೌಲು ಅರಳಿದೆ. ಅರಳುವುದು ರಾತ್ರಿ, ಬಾವಲಿಗಳು ಬರುತ್ತವೆ. ಬೆಳಗ್ಗೆ ಆರೂವರೆಗೆ ಹೋದಾಗ ಮರದ ಕೆಳಗೆ ನೆಲವೆಲ್ಲ ಕೇಸರಗಳು. ಒಂದನ್ನು ಎತ್ತಿ ನೋಡಿದೆ. ನೂರಾರು ಎಳೆಗಳು ಬುಡದಲ್ಲಿ ಉಂಗುರವಾಗಿ ಕೂಡಿಕೊಂಡಿವೆ, ಹಾಗಾಗಿ ಬೀಳುವಾಗ ಚೆಲ್ಲಾಪಿಲ್ಲಿಯಾಗದೆ ಇಡಿಯಾಗಿ ಬೀಳುತ್ತದೆ. ಎಳೆಯ ಬುಡ ನಸುಗೆಂಪು, ಮೇಲೆ ಬಿಳಿ. ಹೊರಸುತ್ತಿನ ಎಳೆಗಳಿಗೂ ಒಳಸುತ್ತಿನವಕ್ಕೂ ಉದ್ದದಲ್ಲಿ ವ್ಯತ್ಯಾಸವಿದೆ. ವಾಸನೆ ಮಾತ್ರ ಹೂವಿನದ್ದಲ್ಲ, ಹುಳಿ ಬಂದ ಹಣ್ಣಿನ ಹಾಗೆ. ಎಂಟು ಗಂಟೆಗೆ ಬಿಸಿಲು ತಾಗಿದ ಮೇಲೆ ಎಲ್ಲವೂ ಕಂದಾಗಿ ಮುದುಡಿದವು. ಆ ಹೊತ್ತಿನಲ್ಲಿ ಹೋದವರಿಗೆ ಕಸ ಬಿದ್ದಿದೆ ಎಂದಷ್ಟೇ ಕಾಣುತ್ತದೆ.

1ನೇ ಕೌಲು: ಹೂವು ಬಹಳ, ಎಲೆ ಇಲ್ಲ. 2ನೇ ಕೌಲು, ಅಲ್ಲೇ ಇಪ್ಪತ್ತು ಹೆಜ್ಜೆ ದೂರದಲ್ಲಿ: ಮೊಗ್ಗು ಸ್ವಲ್ಪ, ಹೂವು ಇಲ್ಲ. ಎಲೆಲೆಕ್ಕದವರು ಹೇಳಿದ್ದು ಈಗ ಅರ್ಥವಾಯಿತು.

ಹಾಡಿಮನೆ | ಕುಂದಾಪುರ | ಮಾರ್ಚ್ 8

ಕಾನಂಚು ಅವರೇ, ಬರೆದದ್ದು ಓದಿ ನಾನೂ ನಮ್ಮ ಹಾಡಿಗೆ, ಅಂದರೆ ಮನೆ ಹತ್ತಿರದ ಸಣ್ಣ ಕಾಡಿಗೆ, ಹೋಗಿ ಬಂದೆ. ನಮ್ಮದು ನಾಗಬನಕ್ಕೆ ಅಂಟಿಕೊಂಡ ಒಂದು ಎಕರೆಯೂ ಇಲ್ಲದ ಹಾಡಿ. ನಾಗನಿಗೆ ಹೆದರಿ ಕತ್ತಿ ಹಾಕದ್ದರಿಂದ ಉಳಿದಿದೆ, ಮನುಷ್ಯರ ಒಳ್ಳೆಯತನದಿಂದಲ್ಲ ಮಾರಾಯರೇ. ಸುರಗಿ ಮೊಗ್ಗಾಗಿದೆ. ಅರಳಿದ ಮೇಲೆ ಕೊಯ್ದರೆ ಪ್ರಯೋಜನವಿಲ್ಲ, ಬೆಳಗಿನ ಜಾವ ಮೊಗ್ಗಿರುವಾಗಲೇ ಬಿಡಿಸಬೇಕು ಎಂದು ನಮ್ಮ ದೊಡ್ಡಮ್ಮ ಈಗಲೂ ಟಾರ್ಚ್ ಹಿಡಿದು ಹೋಗುತ್ತಾರೆ. ಅವರನ್ನೇ ಕೇಳಿ ದಿನಾಂಕ ಬರೆದುಕೊಳ್ಳುತ್ತೇನೆ.

ಹೊಳೆಸಾಲು | ಮಾರ್ಚ್ 30

ಎಲ್ಲರಿಗೂ ಯುಗಾದಿಯ ಶುಭಾಶಯಗಳು. ಒಂದು ಕಳವಳ ಹಂಚಿಕೊಳ್ಳುತ್ತೇನೆ. ನಾವು ಸಣ್ಣವರಿದ್ದಾಗ ಯುಗಾದಿಯ ದಿನ ಹೊಂಗೆ ಎಳೆಚಿಗುರು, ಬೇವು ಹೂವು, ಎಲ್ಲ ಒಟ್ಟಿಗೆ. ಹೋದ ವರ್ಷ ಹಬ್ಬದ ಹೊತ್ತಿಗೆ ಹೊಂಗೆಯ ಎಲೆ ಆಗಲೇ ಬಲಿತು ಕಡುಹಸಿರಾಗಿತ್ತು. ಈ ಸಲ ಪರವಾಗಿಲ್ಲ. ಕಾಲ ಕೆಟ್ಟಿರುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಎಲೆಲೆಕ್ಕ | ಮಾರ್ಚ್ 30

ಮೇಷ್ಟ್ರೇ, ನಿಮಗೂ ಶುಭಾಶಯ. ಆದರೆ ಈ ಸಾಕ್ಷಿ ನಿಲ್ಲುವುದಿಲ್ಲ. ಯುಗಾದಿ ಚಂದ್ರನ ಲೆಕ್ಕದ ಹಬ್ಬ. 2023ರಲ್ಲಿ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ, ಈ ವರ್ಷ ಮಾರ್ಚ್ 30ಕ್ಕೆ, ಬರುವ ವರ್ಷ ಮಾರ್ಚ್ 19ಕ್ಕೆ. ಮೂರು ವಾರದ ಏರುಪೇರು ಹಬ್ಬದಲ್ಲೇ ಇದೆ. ಹೊಂಗೆ ತನ್ನ ಪಾಡಿಗೆ ಒಂದೇ ದಿನಾಂಕಕ್ಕೆ ಚಿಗುರಿದರೂ ಒಂದು ವರ್ಷ ಹಬ್ಬಕ್ಕೆ ‘ಎಳೆಯದು’, ಇನ್ನೊಂದು ವರ್ಷ ‘ಬಲಿತದ್ದು’ ಎಂದು ಕಾಣುತ್ತದೆ. ಹೋದ ವರ್ಷ ಹಬ್ಬವೇ ತಡವಾಗಿತ್ತು.

ಋತುಮಾನ ಬದಲಾಗುತ್ತಿಲ್ಲ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಬದಲಾಗುತ್ತಿದೆ ಎಂದು ತೋರಿಸಬೇಕಾದರೆ ಹಬ್ಬದ ನೆನಪು ಸಾಲದು. ಅದೇ ಮರ, ಸೂರ್ಯನ ದಿನಾಂಕ, ಹಲವು ವರ್ಷ. ಇವು ಮೂರೂ ಬೇಕು.

ಹೊಳೆಸಾಲು | ಮಾರ್ಚ್ 31

ಒಪ್ಪಿದೆ. ಆದರೆ ಒಂದು ತಿದ್ದುಪಡಿ ಇದೆ. ಮಳೆನಕ್ಷತ್ರ ಚಂದ್ರನ ಲೆಕ್ಕವಲ್ಲ, ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬ ಲೆಕ್ಕ. ಮೃಗಶಿರಾ ಪ್ರತಿವರ್ಷ ಜೂನ್ 8ರ ಆಸುಪಾಸಿಗೇ ಹುಟ್ಟುತ್ತದೆ. ಆದ್ದರಿಂದ ಫೆಬ್ರುವರಿಯಲ್ಲಿ ನಾನು ಕೊಟ್ಟ ಸಲಹೆ ನಿಮ್ಮ ವಿಜ್ಞಾನಕ್ಕೂ ಸರಿಹೊಂದುತ್ತದೆ. ಅಂಕ ನನಗೆ ಬರಬೇಕು.

ಎಲೆಲೆಕ್ಕ | ಮಾರ್ಚ್ 31

ಪೂರ್ಣ ಅಂಕ, ಮೇಷ್ಟ್ರೇ.

ಹಾಡಿಮನೆ | ಏಪ್ರಿಲ್ 14

ನಮಗೆ ಇವತ್ತು ಬಿಸು, ಹೊಸ ವರ್ಷದ ಹಬ್ಬ. ಇದು ಸೂರ್ಯನ ಲೆಕ್ಕದ ಹಬ್ಬ, ಹಾಗಾಗಿ ಹೋಲಿಸಲು ಅಡ್ಡಿಯಿಲ್ಲ ಎಂದು ಭಾವಿಸಿದ್ದೇನೆ! ಹಾಡಿಯ ಅಂಚಿನ ಕಕ್ಕೆ ಮರ ಆಗಲೇ ಅರ್ಧ ಹೂ ಉದುರಿಸಿದೆ. ಕಕ್ಕೆ ಹಬ್ಬಕ್ಕೆ ಕಾಯದೆ ಮೊದಲೇ ಅರಳಿತು ಎಂಬುದು ಇದೇ ಹಬ್ಬವನ್ನು ವಿಷು ಎಂದು ಕಕ್ಕೆ ಹೂವಿಟ್ಟು ಆಚರಿಸುವ ಕೇರಳದಲ್ಲೂ ವರ್ಷವರ್ಷದ ಮಾತು. ನಾನು ಮಾತ್ರ ಈ ವರ್ಷದ್ದನ್ನು ಬರೆದಿಟ್ಟು ಸುಮ್ಮನಿದ್ದೇನೆ. ಒಂದೇ ವರ್ಷದಿಂದ ತೀರ್ಮಾನ ಮಾಡಿದರೆ ಎಲೆಲೆಕ್ಕದವರು ಬಿಡುವುದಿಲ್ಲ.

ಸುರಗಿ ಮುಗಿಯಿತು. ಮುರುಗಲು (ಪುನರ್ಪುಳಿ) ಹಣ್ಣು ಕೆಂಪಾಗುತ್ತಿದೆ.

ಕಾನಂಚು | ಏಪ್ರಿಲ್ 27

ನನ್ನ ಲೆಕ್ಕಕ್ಕೆ ಸಿಗದ ಮರವೊಂದಿದೆ. ಕೆರೆ ಮೇಲಿನ ಬಸರಿ ತುಂಬ ಹಣ್ಣಾಗಿ ಮಂಗಟ್ಟೆ, ಕುಟ್ರು, ಪಿಕಳಾರ ಎಲ್ಲ ಮುತ್ತಿಕೊಂಡಿವೆ. ಪಕ್ಕದವರ ಬೆಟ್ಟದ ಬಸರಿಯಲ್ಲಿ ಒಂದು ಕಾಯಿಯೂ ಇಲ್ಲ. ಎರಡೂ ಒಂದೇ ವಯಸ್ಸಿನವು, ಕೂಗಳತೆಯ ದೂರ.

ಎಲೆಲೆಕ್ಕ | ಏಪ್ರಿಲ್ 27

ಆಲ, ಅತ್ತಿ, ಬಸರಿ ಜಾತಿಯವು ಹಾಗೆಯೇ. ಪ್ರತಿ ಜಾತಿಗೂ ಪರಾಗ ಒಯ್ಯುವ ಅದರದ್ದೇ ಪುಟ್ಟ ಕಣಜವಿದೆ. ಕಾಯಿಯೊಳಗೆ ಹುಟ್ಟಿದ ಕಣಜ ಹೊರಬಂದು ಒಂದೆರಡು ದಿನವಷ್ಟೇ ಬದುಕುತ್ತದೆ, ಅಷ್ಟರೊಳಗೆ ಹೂವಿನ ಹಂತದಲ್ಲಿರುವ ಇನ್ನೊಂದು ಮರ ಅದಕ್ಕೆ ಸಿಗಬೇಕು. ಎಲ್ಲ ಮರಗಳೂ ಒಟ್ಟಿಗೆ ಹಣ್ಣಾದರೆ ಕಣಜದ ಸಂತತಿ ಅಲ್ಲಿಗೆ ಮುಗಿಯಿತು. ಬೇರೆ ಹಣ್ಣಿಲ್ಲದ ತಿಂಗಳಲ್ಲಿ ಹಕ್ಕಿಗಳ ಹೊಟ್ಟೆ ತುಂಬುವುದು ಈ ತಾಳಮೇಳವಿಲ್ಲದ ಮರಗಳಿಂದಲೇ.

ದಬ್ಬೆಸಾಲು | ಏಪ್ರಿಲ್ 28

ಮಂಗಟ್ಟೆ ಜೋಡಿ ಇದೆಯೇ ಅಥವಾ ಗಂಡು ಒಂದೇ ಬಂದು ಹೋಗುತ್ತಿದೆಯೇ ನೋಡಿ. ಒಂದೇ ಬಂದು ಹಣ್ಣು ತುಂಬಿಕೊಂಡು ಒಂದೇ ದಿಕ್ಕಿಗೆ ಹಾರುತ್ತಿದ್ದರೆ ಹತ್ತಿರದಲ್ಲೇ ಪೊಟರೆಯ ಬಾಯಿ ಮೆತ್ತಿಕೊಂಡು ಹೆಣ್ಣು ಒಳಗೆ ಮೊಟ್ಟೆ, ಮರಿಗಳ ಜೊತೆ ಕೂತಿದೆ ಎಂದರ್ಥ. ಹುಡುಕಿಕೊಂಡು ಹೋಗಬೇಡಿ. ದಿಕ್ಕು ಬರೆದುಕೊಳ್ಳಿ, ಸಾಕು.

ಕಾನಂಚು | ಮೇ 19

ಮಿಂಚುಹುಳು! ಕೆರೆಯ ಸುತ್ತಲಿನ ಮರಗಳಲ್ಲಿ ಸಂಜೆ ಏಳೂವರೆಯ ನಂತರ. ಮೊದಲು ಅಲ್ಲೊಂದು ಇಲ್ಲೊಂದು. ಆಮೇಲೆ ಒಂದು ಮರ ಪೂರ್ತಿ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತದೆ, ಅದರ ಹಿಂದೆಯೇ ಪಕ್ಕದ ಮರ. ಅಂಗಳದ ದೀಪ ಹಾಕಿದರೆ ಆ ಕಡೆಯ ಸಾಲಿನಲ್ಲಿ ಕಡಿಮೆಯಾಗುತ್ತದೆ. ಹಾಗಾಗಿ ಮನೆಯಲ್ಲಿ ಹೊರಗಿನ ದೀಪಕ್ಕೆ ನಿಷೇಧ ಹೇರಿದ್ದೇನೆ. ಅಪ್ಪ ಕತ್ತಲಲ್ಲಿ ಚಪ್ಪಲಿ ಹುಡುಕುತ್ತಾ ನನ್ನನ್ನೂ ಮಿಂಚುಹುಳುವನ್ನೂ ಸೇರಿಸಿ ಬೈದರು.

ನಂದಿ ಬಿಳಿ ಹೂ ಬಿಟ್ಟಿದೆ. ಮತ್ತಿ ಎರಡೂ ಚಿಗುರಿ ಬಲಿಯುತ್ತಿವೆ.

ಹಾಡಿಮನೆ | ಮೇ 28

ಮಳೆ ಹಿಡಿದ ಹಿಡಿತ ನೋಡಿದಿರಾ? ಕೇರಳಕ್ಕೆ ಮೇ 24ಕ್ಕೇ ಮುಂಗಾರು ಬಂತು, 2009ರ ನಂತರ ಇಷ್ಟು ಬೇಗ ಬಂದದ್ದು ಇದೇ ಮೊದಲು. ಎರಡು ದಿನದಲ್ಲಿ ನಮ್ಮ ಕರಾವಳಿಗೂ ಇಳಿಯಿತು. ರೋಹಿಣಿ ಹುಟ್ಟುವುದಕ್ಕೂ ಮಳೆಗೂ ಸರಿಹೋಯಿತು, ಮೇಷ್ಟ್ರೇ. ಹಾಡಿಯ ಮಟ್ಟಿಗೆ ಇದು ಹಬ್ಬವಿರಬಹುದು. ನಮಗೆ ಮಾತ್ರ ಅಂಗಳದಲ್ಲಿ ಒಣಹಾಕಿದ್ದ ಮುರುಗಲು ಸಿಪ್ಪೆ ಬೂಸ್ಟು ಹಿಡಿಯಿತು. ಮರದಲ್ಲಿ ಉಳಿದಿದ್ದ ಹಣ್ಣು ಕೊಯ್ಯಲೂ ಆಗಲಿಲ್ಲ.

ಕಾನಂಚು | ಮೇ 30

ಇಲ್ಲೂ ಅದೇ ಮಳೆ. ಮಿಂಚುಹುಳು ಮಳೆ ಹಿಡಿದ ಮರುರಾತ್ರಿಯಿಂದ ಬೆರಳೆಣಿಕೆಯಷ್ಟು. ಮುಗಿಯುವ ಕಾಲವೇ ಬಂದಿತ್ತೋ ಮಳೆ ಮುಗಿಸಿತೋ ಎಂಬುದು ಮುಂದಿನ ವರ್ಷದ ಪುಸ್ತಕ ನೋಡಿದ ಮೇಲೆ ಮಾತನಾಡುವ ವಿಷಯ.

ಗುಂಡುತೋಪು | ಜೂನ್ 9

ನಮ್ಮಲ್ಲಿ ಮಳೆ ಬಂದು ಹೋಯಿತು, ನೆಲ ಮತ್ತೆ ಒಣಗುತ್ತಿದೆ. ನಿಮ್ಮ ಮಳೆಯ ವರ್ಣನೆ ಓದಿ ಹೊಟ್ಟೆಕಿಚ್ಚು ಪಡುತ್ತಿದ್ದೇನೆ. ನೇರಳೆ ಹಣ್ಣಾಗಿದೆ, ಅಷ್ಟೇ ಸಮಾಧಾನ.

ಕಾನಂಚು | ಜುಲೈ 3

ಕೆರೆಯ ಮೇಲೆ ಬಾಗಿದ ಕೊಂಬೆಯಲ್ಲಿ ಬಿಳಿ ನೊರೆಯ ಗೂಡುಗಳು, ಎಲೆಗಳನ್ನು ಒಟ್ಟುಗೂಡಿಸಿ ಮಡಚಿ ಅದರ ನಡುವೆ. ಹಾರುವ ಕಪ್ಪೆಯದು. ಹಸಿರು ಮೈ, ಬೆರಳುಗಳ ನಡುವಿನ ತೊಗಲು ಕಿತ್ತಳೆಗೆಂಪು. ಒಂದು ಗೂಡನ್ನು ದಿನವೂ ನೋಡಿದೆ. ಮೊದಲ ದಿನ ನೊರೆ ಹತ್ತಿಯಷ್ಟು ಬಿಳುಪು, ಆಮೇಲೆ ಹೊರಗಡೆ ಒಣಗಿ ಹಳದಿಗೆ ತಿರುಗಿತು, ಒಳಗೆ ಮಾತ್ರ ಒದ್ದೆ. ಜೋರು ಮಳೆಯ ದಿನ ಕೆಳಭಾಗ ಕರಗಿ ಗೊದಮೊಟ್ಟೆಗಳು ಒಂದೊಂದಾಗಿ ನೀರಿಗೆ ಉದುರಿದವು. ನೀರಿನಲ್ಲಿ ಕಾಯುತ್ತಿದ್ದ ಒಳ್ಳೆ ಹಾವೊಂದಕ್ಕೂ ಈ ವೇಳಾಪಟ್ಟಿ ಗೊತ್ತಿದ್ದಂತಿತ್ತು.

ಆರಿದ್ರೆಯಲ್ಲಿ ಹುತ್ತದ ಅಣಬೆ ಎದ್ದಿತು, ಮೇಷ್ಟ್ರ ಮಾತಿನಂತೆಯೇ. ಗೆದ್ದಲು ಗೂಡಿನೊಳಗೆ ತಾನೇ ಸಾಕುವ ಶಿಲೀಂಧ್ರ ಅದು ಎಂದು ಈಚೆಗೆ ತಿಳಿಯಿತು. ಸಾಂಬಾರಿಗೆ ಸಾಕಾಗುವಷ್ಟು ಸಿಕ್ಕಿತು.

ಕಾಫಿಕಣಿವೆ | ಕೊಡಗು | ಆಗಸ್ಟ್ 3

ಮೊದಲಿನಿಂದ ಓದುತ್ತಿದ್ದೆ, ಇವತ್ತು ಬರೆಯಲೇಬೇಕಾದ ದಿನ. ಕಕ್ಕಡ 18, ಅಂದರೆ ನಮ್ಮ ಕೊಡವ ಲೆಕ್ಕದ ಕಕ್ಕಡ ತಿಂಗಳ ಹದಿನೆಂಟನೇ ದಿನ. ಇದೂ ಸೂರ್ಯನ ಲೆಕ್ಕವೇ, ಪ್ರತಿವರ್ಷ ಆಗಸ್ಟ್ 3ಕ್ಕೆ. ಕಾಡಿನ ನೆರಳಿನಲ್ಲಿ, ತೋಟದ ಅಂಚಿನಲ್ಲಿ ಬೆಳೆಯುವ ಮದ್ದು ಸೊಪ್ಪಿಗೆ ಈ ದಿನ ಹದಿನೆಂಟು ಬಗೆಯ ಔಷಧಿಯ ಗುಣ ಸೇರಿರುತ್ತದೆ ಎಂಬುದು ನಮ್ಮ ನಂಬಿಕೆ. ನಂಬಿಕೆಯನ್ನು ಬದಿಗಿಟ್ಟರೂ ಮೂಗಿಗೆ ಸುಳ್ಳು ಹೇಳಲಾಗದು: ಜೂನ್‌ನಲ್ಲಿ ವಾಸನೆಯಿಲ್ಲದ ಗಿಡ ಈಗ ಪಕ್ಕದಲ್ಲಿ ಹಾದರೂ ಘಮ್ಮೆನ್ನುತ್ತದೆ. ಬೇಯಿಸಿದರೆ ನೀರು ಕಡುನೇರಳೆ. ಪಾಯಸ ಉಂಡ ಮರುದಿನ ಮೂತ್ರವೂ ಬಣ್ಣ ಬದಲಿಸುತ್ತದೆ. ಹೊಸ ಅಳಿಯಂದಿರಿಗೆ ಮುಂಚೆಯೇ ಹೇಳಿಡುವುದು ಒಳ್ಳೆಯದು.

ನಮ್ಮೂರ ದೇವರಕಾಡನ್ನು ನೋಡುವ ಕೆಲಸ ನಾನೂ ಶುರು ಮಾಡುತ್ತಿದ್ದೇನೆ. ಕೊಡಗಿನಲ್ಲಿ ದೇವರಕಾಡುಗಳು 1,200ಕ್ಕೂ ಹೆಚ್ಚು. ಆದರೆ 1905ರಲ್ಲಿ ಒಟ್ಟು 15,000 ಎಕರೆಗೂ ಮೀರಿದ್ದದ್ದು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಕಾಫಿಯವರಿಗೆ ದಿನಾಂಕದ ಅಭ್ಯಾಸ ಮೊದಲಿನಿಂದ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನ, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಬಿತ್ತು, ಎಂಟು ಒಂಬತ್ತು ದಿನಕ್ಕೆ ಹೂ ಅರಳಿತೇ, ಎಲ್ಲ ತೋಟದ ಪುಸ್ತಕದಲ್ಲಿರುತ್ತದೆ. ನಮ್ಮ ಮನೆಯಲ್ಲಿ ತಾತನ ಕಾಲದ ಮಳೆ ಪುಸ್ತಕಗಳಿವೆ. ಬೇಲಿಯಾಚೆಯ ಕಾಡಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ.

ಎಲೆಲೆಕ್ಕ | ಆಗಸ್ಟ್ 3

ಆ ಮಳೆ ಪುಸ್ತಕಗಳನ್ನು ಗೆದ್ದಲಿಗೆ ಕೊಡಬೇಡಿ. ಒಂದೊಂದು ಪುಟವನ್ನೂ ಮೊಬೈಲ್‌ನಲ್ಲಿ ಚಿತ್ರ ತೆಗೆದಿಡಿ.

ಕಾನಂಚು | ಅಕ್ಟೋಬರ್ 14

ನವರಂಗ ಹಕ್ಕಿ ಬಂದಿದೆ. ಕಂಡಿಲ್ಲ, ಕೇಳಿಸಿದೆ. ಸಂಜೆ ಆರರ ಹೊತ್ತಿಗೆ ಎರಡು ಸ್ವರದ ಸಿಳ್ಳೆ, ಕೆರೆಯ ಕಡೆಯಿಂದ. ಮಧ್ಯಭಾರತದಲ್ಲೋ ಹಿಮಾಲಯದ ತಪ್ಪಲಿನಲ್ಲೋ ಮರಿ ಮಾಡಿ ನಮ್ಮ ಮೂರು ಎಕರೆಗೆ ಬಂದು ದರಕು ಕೆದಕುತ್ತಾ ಚಳಿಗಾಲ ಕಳೆಯುವ ಹಕ್ಕಿ. ಹೊನ್ನೆಯ ಹಳದಿ ಹೂ ನೆಲದ ತುಂಬ ಬಿದ್ದಿದೆ. ಜೀರುಂಡೆ ಮತ್ತೆ ಶುರು.

ಗುಂಡುತೋಪು | ಅಕ್ಟೋಬರ್ 20

ನಮ್ಮ ಕಡೆ ಈಗ ಚಿಟ್ಟೆಗಳ ಸರದಿ. ನೀಲಿ ಪಟ್ಟೆಯವು, ಕಂದು ಬಣ್ಣದವು, ಗುಂಪುಗುಂಪಾಗಿ ಪಶ್ಚಿಮಕ್ಕೆ ಹೋಗುತ್ತಿವೆ. ಮುಂಗಾರಿಗೆ ಮುಂಚೆ ಘಟ್ಟದಿಂದ ಬಯಲಿಗೆ ಬಂದ ಸಂತತಿ ಹಿಂಗಾರಿನ ಹೊತ್ತಿಗೆ ವಾಪಸ್ಸು ಹೋಗುತ್ತದಂತೆ. ಕಾನಂಚಿನವರೇ, ನಿಮ್ಮ ಕಡೆಗೆ ಕಳುಹಿಸುತ್ತಿದ್ದೇನೆ, ನೋಡಿಕೊಳ್ಳಿ.

ಕಾಫಿಕಣಿವೆ | ಡಿಸೆಂಬರ್ 7

ಒಂದು ಅನುಮಾನ. ಕಾನಂಚಿನವರ ನವರಂಗ, ಅಣಬೆ, ಕಪ್ಪೆ ಎಲ್ಲವೂ ತರಗೆಲೆಯ ಮೇಲೆ ನಿಂತಿವೆ. ಜನವರಿ ಬಂದರೆ ನೀವೆಲ್ಲ ದರಕು ಗುಡಿಸಿ ತೋಟಕ್ಕೆ ಹಾಕುತ್ತೀರಿ. ಹಾಗಾದರೆ ನೀವು ನೋಡುತ್ತಿರುವುದು ಕಾಡಿನ ಋತುವನ್ನೋ ನಿಮ್ಮ ಪೊರಕೆಯ ಋತುವನ್ನೋ?

ದಬ್ಬೆಸಾಲು | ಡಿಸೆಂಬರ್ 8

ದರಕು ಇಲ್ಲದೆ ಕೊಟ್ಟಿಗೆ ಇಲ್ಲ, ಕೊಟ್ಟಿಗೆ ಇಲ್ಲದೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದೆ ತೋಟ ಇಲ್ಲ. ಈ ಬೆಟ್ಟ ಇಷ್ಟು ವರ್ಷ ಬೆಟ್ಟವಾಗಿ ಉಳಿದದ್ದೇ ದರಕಿನ ಆಸೆಗೆ. ಗುಡಿಸುವುದನ್ನು ಬಿಟ್ಟ ದಿನ ಅದನ್ನು ಅಕೇಶಿಯಾಕ್ಕೋ ಸೈಟಿಗೋ ಕೊಡುವವರು ಹುಟ್ಟಿಕೊಳ್ಳುತ್ತಾರೆ. ಕಾಫಿಯವರು ನಮಗೆ ಕಾಡಿನ ಪಾಠ ಹೇಳುವ ಮೊದಲು ತಮ್ಮ ತೋಟದಲ್ಲಿ ಕಾಡುಮರದ ಜಾಗಕ್ಕೆ ನೆಟ್ಟ ಪರದೇಶಿ ಸಿಲ್ವರ್ ಓಕ್ ಎಣಿಸಿಕೊಳ್ಳಲಿ.

ಕಾಫಿಕಣಿವೆ | ಡಿಸೆಂಬರ್ 8

ಸಿಲ್ವರ್ ಓಕ್ ವಿಷಯದಲ್ಲಿ ನನಗೆ ಉತ್ತರವಿಲ್ಲ, ಅದು ನಿಜ. ನನ್ನ ಪ್ರಶ್ನೆ ಮಾತ್ರ ಹಾಗೇ ಇದೆ.

ಎಲೆಲೆಕ್ಕ | ಡಿಸೆಂಬರ್ 9

ಜಗಳವಾಡುವ ಬದಲು ಅಳೆದು ನೋಡಬಹುದಲ್ಲ. ಗುಡಿಸುವ ಜಾಗದ ನಡುವೆ ಹತ್ತು ಹೆಜ್ಜೆ ಉದ್ದಗಲದ ಒಂದು ಚೌಕವನ್ನು ಗುಡಿಸದೆ ಬಿಡಿ. ಮಳೆ ಬಂದಾಗ ಎರಡೂ ಕಡೆ ಅಣಬೆ, ಸಸಿ, ಕಪ್ಪೆ ಎಣಿಸಿ. ಇನ್ನೊಂದು ಮಾತು: ಈಗ ನಾವು ಐದಾರು ಊರಿನವರಿದ್ದೇವೆ. ಎಲ್ಲ ಕಡೆಯೂ ಇರುವ ಒಂದು ಮರವನ್ನು ಎಲ್ಲರೂ ಹಿಡಿದರೆ ಕರಾವಳಿಯಿಂದ ಬಯಲಿನವರೆಗೆ ಒಂದೇ ಸಾಲಿನಲ್ಲಿ ನೋಡಬಹುದು. ಹಲಸು ಆಗಬಹುದೇ?

ಹಾಡಿಮನೆ | ಡಿಸೆಂಬರ್ 9

ಹಲಸು ಆಗಬಹುದು. ನಮ್ಮಲ್ಲಿ ಎಳೆಗುಜ್ಜೆ ಬಿಡಲು ಶುರುವಾಗಿದೆ.

ಗುಂಡುತೋಪು | ಡಿಸೆಂಬರ್ 10

ತುಮಕೂರಿನವರಿಗೆ ಹಲಸು ಇದೆಯೇ ಎಂದು ಕೇಳುತ್ತೀರಾ? ಯಾವ ಮರ ಎಂದು ಆರಿಸುವುದೇ ಕಷ್ಟ.

ದಬ್ಬೆಸಾಲು | ಡಿಸೆಂಬರ್ 12

ಚೌಕ ಬಿಡುತ್ತೇನೆ. ಆದರೆ ಹತ್ತು ಹೆಜ್ಜೆ ಕೊಡುವುದಿಲ್ಲ, ಆರು ಹೆಜ್ಜೆ. ಹಲಸಿಗೆ ಸಂಖ್ಯೆ ಬರೆಯಲು ತಗಡು ಹೊಡೆಯಬೇಕೇ, ಬಣ್ಣ ಸಾಕೇ?

ಎಲೆಲೆಕ್ಕ | ಡಿಸೆಂಬರ್ 12

ಆರು ಹೆಜ್ಜೆ ಸಾಕು. ಮೊಳೆ ಹೊಡೆಯಬೇಡಿ. ಎದೆಮಟ್ಟದಲ್ಲಿ ತೊಗಟೆಯ ಪಾಚಿ ಒರೆಸಿ ಎಣ್ಣೆ ಬಣ್ಣದಲ್ಲಿ ಬರೆಯಿರಿ. ಹಲಸಿನ ಕಾಯಿ ಬುಡದಲ್ಲೇ ಬಿಡುವುದರಿಂದ ಹೂಮಿಡಿ ಬರುವ ಗಂಟುಗಳ ಮೇಲೆ ಬಣ್ಣ ಬೀಳದಂತೆ ನೋಡಿಕೊಳ್ಳಿ. ಎಲ್ಲರೂ ಜನವರಿ ಮೊದಲ ಭಾನುವಾರದಿಂದ ಶುರು ಮಾಡೋಣ. ಗಂಡು ಮಿಡಿ, ಹೆಣ್ಣು ಮಿಡಿ ಬೇರೆ ಬೇರೆಯಾಗಿ ಬರೆಯಿರಿ. ಗಂಡು ಮಿಡಿ ಕಪ್ಪಾಗಿ ಉದುರಿದ್ದನ್ನು ‘ರೋಗ’ ಎಂದು ಬರೆಯಬೇಡಿ.